ಶಿಕ್ಷಕರಿಗೆ ಕಡಲ ಶಿಬಿರ: ನಾನು ನಡೆಸುವ ಬಗೆ

ಶಿಕ್ಷಕರಿಗಾಗಿ ಬೇಸಿಗೆಯಲ್ಲಿ ನಡೆಸುವ ವಸತಿ ಶಿಬಿರದ ವೇಳಾಪಟ್ಟಿ ಮಾಡಲು ಕೂತಾಗ ನಾನು ಮೊದಲು ತೆರೆಯುವುದು ಉಬ್ಬರ-ಇಳಿತದ ಪಟ್ಟಿ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ತೀರಾ ಕೆಳಗಿಳಿದು, ಬೇರೆ ದಿನ ಮುಳುಗಿಯೇ ಇರುವ ಬಂಡೆಗಳು ಹೊರಬೀಳುತ್ತವೆ. ಶಿಬಿರ ಆ ದಿನಗಳಲ್ಲೇ ಆಗಬೇಕು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಊಟ, ತರಗತಿ ಎಲ್ಲವೂ ಅದರ ಜೊತೆಗೇ ಸರಿಯುತ್ತವೆ. ಗಂಟೆ ಹೊಡೆದಂತೆ ಪಾಠ ಮಾಡಿ ರೂಢಿಯಾದವರಿಗೆ ಮೊದಮೊದಲು ಇದು ಕಿರಿಕಿರಿ. ಆದರೆ ಚಂದ್ರನಿಗೂ ನೀರಿಗೂ ಇರುವ ನಂಟನ್ನು ಬೋರ್ಡಿನ ಮೇಲೆ ವಿವರಿಸುವ ಕೆಲಸ ನನಗೆ ಉಳಿಯುವುದಿಲ್ಲ.

ಬಂಡೆಯ ಮೇಲೆ ಅರ್ಧ ಮೀಟರಿನ ಚೌಕಟ್ಟು ಇಟ್ಟು, ಒಳಗಿರುವುದನ್ನೆಲ್ಲ ಎಣಿಸಿ ಅಂತ ಹೇಳಿ ಸುಮ್ಮನಾಗುತ್ತೇನೆ. ಹೆಸರು ಹೇಳಿಕೊಡಲು ಅವಸರವಿಲ್ಲ. ಎತ್ತಿದ ಕಲ್ಲನ್ನು ಮಾತ್ರ ಮೊದಲಿದ್ದ ಮಗ್ಗುಲಿಗೇ ಇಡಬೇಕು, ಇಲ್ಲವಾದರೆ ಅಡಿಯಲ್ಲಿದ್ದ ಜೀವಿಗಳು ಬಿಸಿಲಿಗೆ ಒಣಗುತ್ತವೆ. ಎಣಿಸುತ್ತಾ ಹೋದಂತೆ ಯಾರಾದರೂ ಕೇಳಿಯೇ ಕೇಳುತ್ತಾರೆ: ಬಂಡೆಗೆ ಅಂಟಿ ಬದುಕುವ ಈ ಪುಟ್ಟ ಚಿಪ್ಪಿನ ಜೀವಿಗಳು, ಬಾರ್ನಕಲ್‌ಗಳು, ಗೆರೆ ಎಳೆದ ಹಾಗೆ ಇಲ್ಲೇ ನಿಂತಿವೆಯಲ್ಲ, ಯಾಕೆ? ಮೇಲಿನ ಗೆರೆಯನ್ನು ಹೆಚ್ಚಾಗಿ ನಿರ್ಧರಿಸುವುದು ಒಣಗುವ ಅಪಾಯ. ಕೆಳಗಿನದನ್ನು ಜಾಗಕ್ಕಾಗಿ ನಡೆಯುವ ಪೈಪೋಟಿ ಮತ್ತು ತಿನ್ನುವ ಜೀವಿಗಳು. ಉತ್ತರವನ್ನು ಅವರೇ ಊಹಿಸಲಿ ಎಂದು ಒಂದಿಡೀ ಇಳಿತ ಕಾಯುತ್ತೇನೆ.

ಬೆಳಿಗ್ಗೆ ಪರಿಸರ, ಮಧ್ಯಾಹ್ನ ನೌಕಾ ಇತಿಹಾಸ ಎಂದು ಹಂಚಿದರೆ ವಿಜ್ಞಾನದವರು ಒಂದಕ್ಕೆ, ಸಮಾಜದವರು ಇನ್ನೊಂದಕ್ಕೆ ಕಿವಿಗೊಡುತ್ತಾರೆ. ಹಾಗಾಗಿ ಎರಡನ್ನೂ ಒಂದೇ ಮರದ ತುಂಡಿನಿಂದ ಕಲಿಸುತ್ತೇನೆ. ದಡಕ್ಕೆ ತೇಲಿಬಂದ ಆ ತುಂಡಿನ ಹೊರಮೈಯಲ್ಲಿ ಗುಂಡುಸೂಜಿಯ ತಲೆಯಷ್ಟು ತೂತುಗಳು. ಸೀಳಿ ನೋಡಿದರೆ ಒಳಗೆ ಬೆರಳು ತೂರುವಂಥ ಸುರಂಗಗಳು, ಗೋಡೆಗೆ ಸುಣ್ಣದ ಬಿಳಿ ಲೇಪ. ಇದು ಹಡಗುಹುಳುವಿನ ಕೆಲಸ. ಹುಳುವಿನಂತೆ ಕಂಡರೂ ಅದು ಕಪ್ಪೆಚಿಪ್ಪಿನ ಬಳಗದ ಜೀವಿ. ಮರದ ಹಡಗುಗಳನ್ನು ಇದು ಒಳಗಿನಿಂದ ತಿಂದರೆ, ಬಾರ್ನಕಲ್‌ಗಳು ತಳಕ್ಕೆ ಅಂಟಿ ವೇಗ ಕುಗ್ಗಿಸುತ್ತಿದ್ದವು. 1761ರಲ್ಲಿ ಬ್ರಿಟಿಷ್ ನೌಕಾಪಡೆ ‘ಅಲಾರ್ಮ್’ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆಸಿತು. ಜೀವಿಗಳ ಕಾಟ ತಗ್ಗಿತು, ಆದರೆ ತಾಮ್ರಕ್ಕೆ ತಾಗಿದ ಕಬ್ಬಿಣದ ಮೊಳೆಗಳು ಉಪ್ಪುನೀರಿನಲ್ಲಿ ಸವೆದುಹೋದವು. ಯಾಕೆ ಎನ್ನುವುದನ್ನು ರಸಾಯನಶಾಸ್ತ್ರದವರೇ ಎದ್ದು ನಿಂತು ಹೇಳುತ್ತಾರೆ. ಇತಿಹಾಸದ ಶಿಕ್ಷಕರು ಪುಸ್ತಕದಲ್ಲಿ ಬರೆದುಕೊಳ್ಳತೊಡಗುತ್ತಾರೆ. ನನಗೆ ಶಿಬಿರದಲ್ಲಿ ಇದಕ್ಕಿಂತ ಇಷ್ಟವಾದ ಹೊತ್ತು ಇನ್ನೊಂದಿಲ್ಲ.

ಬಂದವರಲ್ಲಿ ಎಷ್ಟೋ ಮಂದಿಯ ಶಾಲೆ ಕಡಲಿಂದ ಬಲು ದೂರ. ಅವರಿಗಾಗಿ ವೇಗ ಅಳೆಯುವ ಹಗ್ಗ ಮಾಡಿಸುತ್ತೇನೆ. 14.4 ಮೀಟರಿಗೊಂದು ಗಂಟು, 28 ಸೆಕೆಂಡು ಸಮಯ; ಅಷ್ಟರಲ್ಲಿ ಎಷ್ಟು ಗಂಟು ಕೈದಾಟಿದವೋ ಅಷ್ಟು ನಾಟ್ (ಹಡಗಿನ ವೇಗದ ಅಳತೆ) ವೇಗ. ಹಿಂದೆ ನಾವಿಕರು ಹಗ್ಗದ ತುದಿಗೆ ಹಲಗೆ ಕಟ್ಟಿ ನೀರಿಗೆ ಬಿಡುತ್ತಿದ್ದರು. ಶಾಲೆಯ ಮೈದಾನದಲ್ಲಿ ಆ ತುದಿಯನ್ನು ಒಂದು ಮಗು ಹಿಡಿದು ನಡೆದರಾಯಿತು. ನಡಿಗೆಗೆ 50 ಮೀಟರ್ ಹಗ್ಗ ಸಾಕು, ಓಡಿಸುವುದಾದರೆ ದುಪ್ಪಟ್ಟಿಗಿಂತ ಹೆಚ್ಚು ಬೇಕು. ಗಂಟುಗಳನ್ನು ಪ್ರತಿ ಶಿಕ್ಷಕರೂ ತಾವೇ ಅಳೆದು ಹಾಕಬೇಕು. ಸಿದ್ಧ ಹಗ್ಗ ಕೊಟ್ಟು ಕಳಿಸುವುದಕ್ಕೆ ನಾನು ಒಪ್ಪುವುದಿಲ್ಲ.