ಬಾಸ್ ಫೈಟ್ ಎರಡೇ ಸುತ್ತಿಗೆ ಮುಗಿಯದಂತೆ ಮಾಡುವುದು ಹೇಗೆ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಟೇಬಲ್ ಸುತ್ತ ಕೂತು ಪಾತ್ರ ವಹಿಸಿ ಆಡುವ ಆಟದ ಐದನೇ ಆವೃತ್ತಿಯಲ್ಲಿ ಪಾರ್ಟಿ (ಆಟಗಾರರ ತಂಡ) 13ನೇ ಲೆವೆಲ್‌ಗೆ ಬಂತು ಅಂದ್ರೆ ವಿಜರ್ಡ್‌ಗೆ 7ನೇ ಲೆವೆಲ್ ಸ್ಪೆಲ್ (ಮಂತ್ರ) ಸಿಗುತ್ತದೆ. ಬಾಸ್ ಫೈಟ್, ಅಂದ್ರೆ ಮುಖ್ಯ ಖಳನ ಜೊತೆಗಿನ ಕಾಳಗ, ಹಳ್ಳ ಹಿಡಿಯುವುದು ಅಲ್ಲಿಂದಲೇ. ಗಾಬರಿಬಿದ್ದ ಡಿಎಂ (ಡಂಜನ್ ಮಾಸ್ಟರ್, ಆಟ ನಡೆಸುವವರು) ಬಾಸ್‌ನ ಹಿಟ್ ಪಾಯಿಂಟ್ (ಜೀವಬಲದ ಅಂಕ) ದುಪ್ಪಟ್ಟು ಮಾಡುವುದನ್ನು ಎಷ್ಟೋ ಟೇಬಲ್‌ಗಳಲ್ಲಿ ನೋಡಿದ್ದೇನೆ. ದಯವಿಟ್ಟು ಬೇಡ. ಫೋರ್ಸ್‌ಕೇಜ್ ಎಂಬ ಮಂತ್ರದ ಪಂಜರದ ಒಳಗೆ ಸಿಕ್ಕಿಬಿದ್ದವನಿಗೆ 200 ಇದ್ದರೇನು, 400 ಇದ್ದರೇನು?

ಮೊದಲು ಆಟಗಾರರ ಸ್ಪೆಲ್ ಪಟ್ಟಿ ಓದಿ. ಸೇವ್ (ಸ್ಪೆಲ್‌ನಿಂದ ಪಾರಾಗಲು ಉರುಳಿಸುವ ಡೈಸ್) ಕೇಳದೆ ಕೆಲಸ ಮಾಡುವ ಸ್ಪೆಲ್‌ಗಳಿಗೆ ಗುರುತು ಹಾಕಿ. ವಾಲ್ ಆಫ್ ಫೋರ್ಸ್ (ಕಾಣದ ಗೋಡೆ), ಫೋರ್ಸ್‌ಕೇಜ್ ಇಂಥವು. ಇವುಗಳ ಮುಂದೆ ಲೆಜೆಂಡರಿ ರೆಸಿಸ್ಟೆನ್ಸ್ ನಡೆಯುವುದಿಲ್ಲ, ಯಾಕಂದ್ರೆ ಅದು ಸೋತ ಸೇವ್ ಅನ್ನು ಬಾಸ್ ಗೆದ್ದದ್ದಾಗಿಸಿಕೊಳ್ಳುವ ಶಕ್ತಿ, ಸೇವ್ ಸೋತಾಗ ಮಾತ್ರ ಬಳಸುವಂಥದ್ದು. ಸ್ಪೆಲ್ ನಿಷೇಧಿಸಬೇಡಿ, ಬಾಸ್‌ಗೆ ಒಂದು ದಾರಿ ಕೊಡಿ. ಡಿಸಿಂಟಿಗ್ರೇಟ್ ಎಂಬ ಸ್ಪೆಲ್ ಬಲ್ಲ ಶಿಷ್ಯನೊಬ್ಬನಿದ್ದರೆ ವಾಲ್ ಆಫ್ ಫೋರ್ಸ್ ಒಡೆಯುತ್ತದೆ. ಫೋರ್ಸ್‌ಕೇಜ್‌ಗೆ 2014ರ ನಿಯಮದಲ್ಲಿ ಕಾನ್ಸಂಟ್ರೇಶನ್ (ಹಾಕಿದವನು ಹಿಡಿದಿಡಬೇಕಾದ, ಏಟು ಬಿದ್ದರೆ ಕಡಿಯಬಹುದಾದ ಗಮನ) ಬೇಕಿರಲಿಲ್ಲ, 2024ರದ್ದರಲ್ಲಿ ಬೇಕು. ನಿಮ್ಮ ಟೇಬಲ್‌ನಲ್ಲಿ ಯಾವುದು ಅಂತ ಮೊದಲೇ ಹೇಳಿಬಿಡಿ.

ಆಮೇಲೆ ಸರದಿ ಎಣಿಸಿ. ಆಟಗಾರರು ನಾಲ್ವರು, ಬಾಸ್ ಒಬ್ಬನೇ ಅಂದ್ರೆ ಸಾಮಾನ್ಯವಾಗಿ ಸಿಗುವ 3 ಲೆಜೆಂಡರಿ ಆ್ಯಕ್ಷನ್ (ಬೇರೆಯವರ ಸರದಿ ಮುಗಿದಾಗ ಬಾಸ್ ಮಾಡುವ ಹೆಚ್ಚುವರಿ ಕ್ರಿಯೆ) ಕೂಡ ಸಾಲುವುದಿಲ್ಲ. ಎರಡು ಮೂರು ಸಹಚರರನ್ನು ಸೇರಿಸಿ.

ಈಗ ಕಷ್ಟದ ಘಟ್ಟ, ಲೆಜೆಂಡರಿ ರೆಸಿಸ್ಟೆನ್ಸ್. ವಿಜರ್ಡ್ ತನ್ನ ಒಂದೇ ಒಂದು 8ನೇ ಲೆವೆಲ್ ಸ್ಲಾಟ್ (ಒಂದು ಸ್ಪೆಲ್ ಹಾಕುವ ಅವಕಾಶ) ಹಾಕಿ ಕೂತಿರುತ್ತಾನೆ, ಡಿಎಂ ಸುಮ್ನೆ 'ಪಾಸ್ ಆಯ್ತು' ಅಂದುಬಿಡುತ್ತಾರೆ. ಆಟಗಾರನ ಮುಖ ಅಲ್ಲೇ ಬಾಡಿಹೋಗುತ್ತದೆ. ಅದರ ಬದಲು ಎಲ್ಲರಿಗೂ ಕಾಣುವ ಹಾಗೆ ಒಂದೊಂದು ಲೆಜೆಂಡರಿ ರೆಸಿಸ್ಟೆನ್ಸ್‌ಗೆ ಒಂದರಂತೆ ಮೂರು ಟೋಕನ್ ಇಡಿ, ಒಂದೊಂದು ಬಳಸಿದಾಗಲೂ ಬಾಸ್ ಏನಾದರೂ ಕಳೆದುಕೊಳ್ಳಲಿ. ಬಾಸ್ ಒಬ್ಬ ಲಿಚ್ (ಸತ್ತರೂ ಅಳಿಯದ ಮಾಂತ್ರಿಕ) ಅಂದುಕೊಳ್ಳಿ, ಅವನ ಸುತ್ತ ಟೋಕನ್‌ಗೆ ಒಂದರಂತೆ ಮೂರು ಹರಳು ತೇಲುತ್ತಿವೆ. ಮೊದಲನೆಯದು ಒಡೆದರೆ ಹಾರಾಟ ನಿಲ್ಲುತ್ತದೆ, ಎರಡನೆಯದಕ್ಕೆ ಆರ್ಮರ್ ಕ್ಲಾಸ್ (ಏಟಿನಿಂದ ರಕ್ಷಿಸುವ ಅಂಕ) 2 ಇಳಿಯುತ್ತದೆ, ಮೂರನೆಯದಕ್ಕೆ ಒಂದು ಲೆಜೆಂಡರಿ ಆ್ಯಕ್ಷನ್ ಹೋಗುತ್ತದೆ. ಸ್ಪೆಲ್ ಹಿಡಿಯಲಿಲ್ಲ, ಆದರೆ ವ್ಯರ್ಥವೂ ಆಗಲಿಲ್ಲ, ಅಲ್ವಾ? ಇನ್ನೊಂದು ಮಾತು: ಫೈರ್‌ಬಾಲ್‌ಗೆಲ್ಲ ಟೋಕನ್ ಸುಡಬೇಡಿ, ಡ್ಯಾಮೇಜ್ ತಿನ್ನಲಿ. ಹೋಲ್ಡ್ ಮಾನ್ಸ್ಟರ್, ಬ್ಯಾನಿಶ್ಮೆಂಟ್ ಥರ ಬಾಸ್‌ನನ್ನು ಕಾಳಗದಿಂದಲೇ ಹೊರಗಿಡುವ ಸ್ಪೆಲ್‌ಗಳಿಗೆ ಉಳಿಸಿ.

ಹೌಸ್ ರೂಲ್‌ಗಳನ್ನು, ಅಂದ್ರೆ ನಿಮ್ಮ ಟೇಬಲ್‌ನ ಸ್ವಂತ ನಿಯಮಗಳನ್ನು, ಫೈಟ್ ಮಧ್ಯೆ ಹುಟ್ಟಿಸಲೇಬೇಡಿ. ಕ್ರಿಟಿಕಲ್‌ಗೆ (ಡೈಸ್‌ನಲ್ಲಿ 20 ಬಿದ್ದ ಏಟಿಗೆ) ಡ್ಯಾಮೇಜ್ ಡೈಸ್‌ನ ಗರಿಷ್ಠ ಅಂಕದ ಜೊತೆಗೆ ಇನ್ನೊಂದು ರೋಲ್ ಅಂತ ಇಟ್ಟುಕೊಂಡಿದ್ದರೆ ಬಾಸ್‌ನ ಏಟಿಗೂ ಅದೇ ಅನ್ವಯಿಸಬೇಕು. ಅದು ಬೇಡ ಅನಿಸಿದರೆ ರೂಲನ್ನೇ ತೆಗೆಯಿರಿ.

ಕಾಳಗ ಎಷ್ಟು ಕಷ್ಟ ಅಂತ ಲೆಕ್ಕ ಹಾಕುವ ಎನ್‌ಕೌಂಟರ್ ಕ್ಯಾಲ್ಕುಲೇಟರ್‌ಗಳನ್ನು ಜಾಸ್ತಿ ನಂಬಬೇಡಿ. ಪಾರ್ಟಿ ಹತ್ತಿರ ಎಷ್ಟು ಸ್ಲಾಟ್ ಉಳಿದಿದೆ ಅಂತ ಅವು ಕೇಳುವುದೇ ಇಲ್ಲ. ಬಾಸ್‌ಗಿಂತ ಮೊದಲು, ಲಾಂಗ್ ರೆಸ್ಟ್‌ಗೆ (ಸ್ಲಾಟ್‌ಗಳನ್ನು ಮರಳಿಸುವ ದೀರ್ಘ ವಿಶ್ರಾಂತಿಗೆ) ಅವಕಾಶ ಕೊಡದೆ, ಎರಡು ಸಣ್ಣ ಕಾಳಗ ಇಟ್ಟರೆ ದೊಡ್ಡ ಸ್ಲಾಟ್‌ಗಳಲ್ಲಿ ಒಂದೆರಡಾದರೂ ಅಲ್ಲೇ ಖರ್ಚಾಗುತ್ತವೆ. ಇನ್ನೊಬ್ಬರ ಸ್ಪೆಲ್ ತಡೆಯುವ ಕೌಂಟರ್‌ಸ್ಪೆಲ್‌ನ ವ್ಯಾಪ್ತಿ 60 ಅಡಿ, ಹಾಗಾಗಿ ಸ್ಪೆಲ್ ಹಾಕುವ ಬಾಸ್‌ನನ್ನು 70 ಅಡಿ ಆಚೆಯೇ ನಿಲ್ಲಿಸಿ ಶುರುಮಾಡಿ.