ಸ್ಪ್ಲೆಂಡರ್ ಮೇಲೆ ನಾನು ಗೇರ್ ಬೈಕ್ ಕಲಿತದ್ದು

ಸ್ಕೂಟರ್ ಬಿಟ್ಟು ಬೈಕಿಗೆ ಬರಬೇಕು ಅನ್ನಿಸಿದಾಗ ನಾನು ನೋಡಿದ್ದು ಮುಖ್ಯವಾಗಿ ಸೀಟಿನ ಎತ್ತರ ಮತ್ತು ತೂಕ. ಸ್ಪ್ಲೆಂಡರ್ ಪ್ಲಸ್ ಸೀಟು 785 ಮಿ.ಮೀ. ಎತ್ತರ, ತೂಕ ಸುಮಾರು 112 ಕೆ.ಜಿ. ಐದಡಿ ನಾಲ್ಕಿಂಚಿನ ನನಗೆ ಎರಡೂ ಕಾಲು ನೆಲಕ್ಕೆ ಸಿಗುತ್ತವೆ. ಗಾಡಿ ವಾಲಿದರೂ ಕಾಲಲ್ಲೇ ತಡೆಯಬಹುದು. ಬೀಳುವ ಭಯ ಇಲ್ಲದಿದ್ದರೆ ಮನಸ್ಸನ್ನೆಲ್ಲ ಕ್ಲಚ್ ಮೇಲೆ ಇಡಬಹುದು, ಅಲ್ವಾ?

ನನ್ನ ಲೈಸೆನ್ಸ್ ಗೇರ್ ಇಲ್ಲದ ಗಾಡಿಗೆ ಮಾತ್ರ ಇತ್ತು. ಹಾಗಾಗಿ ಮೊದಲು ಗೇರ್ ಗಾಡಿಯ ಎಲ್ಎಲ್ (ಕಲಿಯುವವರ ಲೈಸೆನ್ಸ್) ಮಾಡಿಸಿದೆ.

ಕಲಿಸಿದ್ದು ನಮ್ಮ ಮಾವ. ಖಾಲಿ ಮೈದಾನದಲ್ಲಿ ಫಸ್ಟ್ ಗೇರ್ ಹಾಕಿಸಿ, "ಆಕ್ಸಿಲರೇಟರ್ ಮುಟ್ಟಬೇಡಮ್ಮ, ಕ್ಲಚ್ ಒಂದನ್ನೇ ನಿಧಾನ ಬಿಡು" ಅಂದರು. ಲಿವರ್ ಒಂದು ಜಾಗಕ್ಕೆ ಬಂದಾಗ ಎಂಜಿನ್ ಸದ್ದು ತುಸು ತಗ್ಗುತ್ತದೆ, ಗಾಡಿ ತಾನಾಗೇ ತೆವಳುತ್ತದೆ. ಅದೇ ಹಾಫ್ ಕ್ಲಚ್. ಆ ಜಾಗ ಬೆರಳಿಗೆ ಗೊತ್ತಾಗುವವರೆಗೆ ಬೇರೇನೂ ಕಲಿಯಲಿಲ್ಲ. 97.2 ಸಿಸಿ ಎಂಜಿನ್ ಆದ್ದರಿಂದ ಕೈ ಸ್ವಲ್ಪ ಹೆಚ್ಚು ತಿರುಗಿದರೂ ಗಾಡಿ ಚಿಮ್ಮುವುದಿಲ್ಲ. ಹೊಸಬರಿಗೆ ಇದು ದೊಡ್ಡ ಆಸರೆ.

ಆಮೇಲೆ ಮಲ್ಲೇಶ್ವರದ ಏರು ರಸ್ತೆಗಳು. ಏರಿನಲ್ಲಿ ನಿಂತಾಗ ಎಡಗಾಲು ನೆಲದ ಮೇಲೆ, ಬಲಗಾಲು ಹಿಂದಿನ ಬ್ರೇಕ್ ಮೇಲೆ. ಕ್ಲಚ್ ಬಿಡುತ್ತಾ ಸ್ವಲ್ಪ ಆಕ್ಸಿಲರೇಟರ್ ಕೊಡಬೇಕು. ಗಾಡಿ ಮುಂದಕ್ಕೆ ಎಳೆಯತೊಡಗಿದ ಮೇಲೆ ಬ್ರೇಕ್ ಬಿಡಬೇಕು. ಹೀಗೆ ಮಾಡಿದರೆ ಹಿಂದಕ್ಕೆ ಜಾರುವುದಿಲ್ಲ.

ಸಿಲ್ಕ್ ಬೋರ್ಡ್ ಕಡೆಯ ಟ್ರಾಫಿಕ್‌ನಲ್ಲಿ ಇನ್ನೊಂದು ರೂಢಿ ಮಾಡಿಕೊಂಡೆ. ತೆವಳುವಾಗ ಹಾಫ್ ಕ್ಲಚ್ ಜೊತೆ ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತಿರುತ್ತೇನೆ. ಹ್ಯಾಂಡಲ್ ಅಲ್ಲಾಡುವುದಿಲ್ಲ. ಸಿಗ್ನಲ್‌ನಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕಾದರೆ ಮಾತ್ರ ನ್ಯೂಟ್ರಲ್ ಮಾಡಿ ಕೈಗೆ ಬಿಡುವು ಕೊಡುತ್ತೇನೆ. ಸುಮ್ನೆ ಕ್ಲಚ್ ಹಿಡಿದೇ ಇದ್ದರೆ ಮಣಿಕಟ್ಟು ನೋಯುತ್ತದೆ. ಮಳೆಯಲ್ಲಿ ಜೀಬ್ರಾ ಪಟ್ಟೆಯ ಬಣ್ಣ ತುಂಬ ಜಾರುತ್ತದೆ. ಅದರ ಮೇಲೆ ಬ್ರೇಕ್ ಹಾಕದೆ, ಅದಕ್ಕೂ ಮೊದಲೇ ವೇಗ ಇಳಿಸುತ್ತೇನೆ.

ಕ್ಲಚ್ ಲಿವರ್‌ನಲ್ಲಿ ಸ್ವಲ್ಪ ಫ್ರೀ ಪ್ಲೇ, ಅಂದರೆ ಕ್ಲಚ್ ಕೆಲಸ ಶುರುಮಾಡುವ ಮುಂಚೆ ಲಿವರ್ ಸಡಿಲವಾಗಿ ಆಡುವಷ್ಟು ಜಾಗ, ಇದೆಯಾ ಅಂತ ನಾನೇ ನೋಡಿಕೊಳ್ಳುತ್ತೇನೆ. ಚೈನ್ ಕವರಿನ ರಬ್ಬರ್ ಮುಚ್ಚಳ ತೆಗೆದು ಚೈನ್ ಸಡಿಲ ಆಗಿದೆಯಾ ಅಂತಲೂ ಬೆರಳಲ್ಲಿ ಒತ್ತಿ ನೋಡುತ್ತೇನೆ. ಹೈವೇಗೆ ಮಾತ್ರ ಈ ಗಾಡಿ ಒಯ್ಯುವುದಿಲ್ಲ. ಪಕ್ಕದಲ್ಲಿ ಲಾರಿ ಹಾದುಹೋದಾಗ ಬೀಸುವ ಗಾಳಿಗೆ ಹಗುರ ಗಾಡಿ ಅಲುಗುತ್ತದೆ. ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗಂತೂ 2023ರ ಆಗಸ್ಟ್‌ನಿಂದ ಬೈಕ್‌ಗಳನ್ನೇ ಬಿಡುವುದಿಲ್ಲ.