ಎರಡನೆಯ ಪಿನ್ನಿನಲ್ಲಿ ನಾಲ್ಕು ವೋಲ್ಟ್

ಹೋದ ವರ್ಷ ಮದುವೆ ಹಂಗಾಮಿನ ನಡುವೆ ನನ್ನ ಗಿಟಾರ್ ಆಂಪ್ಲಿಫೈಯರಿನ ಒಂದು ವಾಲ್ವ್, ಅಂದರೆ ಸಂಕೇತವನ್ನು ಹಿಗ್ಗಿಸುವ ಗಾಜಿನ ಕೊಳವೆ, ಕೆಂಪಾಯಿತು. ಅದರೊಳಗಿನ ಕಾಯುವ ತಂತಿಯ, ಹೀಟರಿನ, ಎಂದಿನ ಕಿತ್ತಳೆ ಬೆಳಕಲ್ಲ. ಹೀಟರಿನ ಸುತ್ತಲಿನ ಬೂದು ಬಣ್ಣದ ಲೋಹದ ಪ್ಲೇಟೇ ಕುಲುಮೆಯಲ್ಲಿಟ್ಟ ಕಬ್ಬಿಣದ ಹಾಗೆ ಕಾದಿತ್ತು. ಕಲಬುರಗಿಯಲ್ಲಿ ಆಗ 40 ಡಿಗ್ರಿ ದಾಟಿದ ಬಿಸಿಲು. ವಾಲ್ವಿಗೆ ವಯಸ್ಸಾಗಿದೆ, ಮೇಲೆ ಈ ಸೆಕೆ ಬೇರೆ ಎಂದು ನಾನೇ ತೀರ್ಮಾನಿಸಿ, ನಾಲ್ಕೂವರೆ ಸಾವಿರ ರೂಪಾಯಿ ಕೊಟ್ಟು ಒಂದೇ ಸಮನೆ ವಿದ್ಯುತ್ ಎಳೆಯುವಂತೆ ಅಳೆದು ಹೊಂದಿಸಿದ ಜೋಡಿಯೊಂದನ್ನು ಹೊರದೇಶದಿಂದ ತರಿಸಿದೆ. ಎರಡನೆಯ ಕಾರ್ಯಕ್ರಮದಲ್ಲಿಯೇ ಆ ಹೊಸ ಜೋಡಿಯಲ್ಲೊಂದು ಹಾಗೆಯೇ ಕೆಂಪಾಯಿತು.

ನನ್ನದು 15 ವಾಟಿನ ಆಂಪ್ಲಿಫೈಯರ್. ಮೊದಲ ಹಂತಗಳಲ್ಲಿ ಮೂರು ಇಸಿಸಿ83 ವಾಲ್ವ್, ಕೊನೆಯಲ್ಲಿ ಸ್ಪೀಕರನ್ನು ನಡೆಸುವ ಎರಡು ಇಎಲ್84. ಅಮೆರಿಕದ ಹೆಸರಿನಲ್ಲಿ ಇವೇ 12ಎಎಕ್ಸ್7 ಮತ್ತು 6ಬಿಕ್ಯೂ5. ತರಿಸುವಾಗ ಎರಡೂ ಹೆಸರು ತಿಳಿದಿರಬೇಕು. ಎರಡು ಇಎಲ್84ಗಳ, ಎಲೆಕ್ಟ್ರಾನ್ ಹೊರಸೂಸುವ, ಕ್ಯಾಥೋಡ್‌ಗಳೂ ಸೇರಿ ಒಂದೇ 130 ಓಮ್ ರೆಸಿಸ್ಟರಿನ ಮೇಲೆ ಕೂತಿವೆ. ಇಂಥ ಆಂಪ್ಲಿಫೈಯರಿನಲ್ಲಿ ಬಯಾಸ್, ಅಂದರೆ ವಾಲ್ವಿನಲ್ಲಿ ಸುಮ್ಮನಿದ್ದಾಗ ಹರಿಯುವ ವಿದ್ಯುತ್ತಿನ ಮಟ್ಟ, ಹೊಂದಿಸುವ ತಿರುಪು ಇರುವುದಿಲ್ಲ, ವಾಲ್ವ್ ತನ್ನನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಆದ್ದರಿಂದ ತೆಗೆದು ಹಾಕಿದರೆ ಸಾಕು, ಅಳೆಯುವುದೇನೂ ಇಲ್ಲ ಎಂದು ನಾನು ನಂಬಿದ್ದೆ.

ನಮ್ಮ ಬಡಾವಣೆಯಲ್ಲಿ ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದ ಚಾಚಾ ಒಬ್ಬರಿದ್ದಾರೆ. ಗಿಟಾರಿನ ಗಂಧ ಅವರಿಗಿಲ್ಲ, ಆದರೆ ಇಎಲ್84 ಎಂದ ಕೂಡಲೇ ಅವರ ಕಣ್ಣು ಅರಳಿತು. ಹಸಿರು ಕಣ್ಣು ಮಿನುಗುವ ಹಳೆಯ ರೇಡಿಯೊಗಳಲ್ಲಿ ಧ್ವನಿ ಹೊರಡಿಸುತ್ತಿದ್ದುದು ಬಹಳ ಸಲ ಇದೇ ವಾಲ್ವ್. ನಾನು ಹೇಳಿದ್ದನ್ನೆಲ್ಲ ಕೇಳಿ ಅವರು ಒಂದೇ ಪ್ರಶ್ನೆ ಹಾಕಿದರು: “ಬೇಟಾ, ಎರಡನ್ನೂ ಅದಲುಬದಲು ಮಾಡಿ ನೋಡಿದೆಯಾ?”

ನೋಡಿರಲಿಲ್ಲ. ಆ ಸಂಜೆಯೇ ಪ್ರತಿ ಕ್ಯಾಥೋಡಿಗೂ ಆ ರೆಸಿಸ್ಟರಿಗೂ ನಡುವೆ ಒಂದೊಂದು ಓಮಿನ ಚಿಕ್ಕ ರೆಸಿಸ್ಟರ್ ಬೆಸೆದೆ. ಅದರ ಎರಡು ತುದಿಗಳ ನಡುವೆ ಮೀಟರ್ ಎಷ್ಟು ಮಿಲಿವೋಲ್ಟ್ ತೋರಿಸುತ್ತದೆಯೋ ಅಷ್ಟು ಮಿಲಿಆಂಪಿಯರ್ ಆ ವಾಲ್ವಿನಲ್ಲಿ ಹರಿಯುತ್ತಿದೆ ಎಂದರ್ಥ. ಒಂದರಲ್ಲಿ 66, ಇನ್ನೊಂದರಲ್ಲಿ 31. ವಾಲ್ವ್‌ಗಳ ಜಾಗ ಬದಲಿಸಿದೆ. 66 ವಾಲ್ವಿನ ಜೊತೆ ಹೋಗಲಿಲ್ಲ, ಅದೇ ಸಾಕೆಟ್ಟಿನಲ್ಲಿ ಉಳಿಯಿತು. ದೋಷ ವಾಲ್ವಿನದಲ್ಲ ಎಂದು ಆಗ ತಿಳಿಯಿತು.

ಎರಡೂ ವಾಲ್ವ್ ಕಿತ್ತು, ವಿದ್ಯುತ್ ಕೊಟ್ಟು, ಎರಡನೆಯ ಪಿನ್ನನ್ನು, ಅಂದರೆ ವಾಲ್ವ್ ಎಷ್ಟು ವಿದ್ಯುತ್ ಎಳೆಯಬೇಕೆಂಬುದನ್ನು ಹಿಡಿತದಲ್ಲಿಡುವ ಗ್ರಿಡ್ಡನ್ನು, ಅಳೆದೆ. ಅಲ್ಲಿ ಸೊನ್ನೆ ಇರಬೇಕು. ಒಂದು ಸಾಕೆಟ್ಟಿನಲ್ಲಿ ಸೊನ್ನೆಯೇ ಇತ್ತು, ಇನ್ನೊಂದರಲ್ಲಿ ನಾಲ್ಕು ವೋಲ್ಟ್. ಹಿಂದಿನ ಹಂತದ ಹೆಚ್ಚಿನ ವೋಲ್ಟೇಜನ್ನು ತಡೆದು, ಸಂಗೀತದ ಸಂಕೇತವನ್ನಷ್ಟೇ ಬಿಡಬೇಕಾದ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಸೋರುತ್ತಿತ್ತು. ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಲ್ಲಿ 630 ವೋಲ್ಟ್ ತಾಳುವ ಎರಡು ಕೆಪಾಸಿಟರ್ ಕೊಂಡು ಎರಡು ಕಡೆಯೂ ಬದಲಿಸಿದೆ. ಕೊಟ್ಟದ್ದು ಚಿಲ್ಲರೆ ಕಾಸು. ಅಷ್ಟು ಚಿಕ್ಕ ವಸ್ತುವನ್ನು ಪರೀಕ್ಷಿಸದೆ ಒಳ್ಳೆಯ ಜೋಡಿಯೊಂದನ್ನು ಸುಟ್ಟೆನಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ.

ಈ ಕೆಲಸಕ್ಕೆ ಕೈ ಹಾಕುವವರು ಒಂದನ್ನು ಮರೆಯಬಾರದು. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರುತ್ತದೆ. ರೆಸಿಸ್ಟರಿನ ಮೂಲಕ ಅದನ್ನು ಖಾಲಿ ಮಾಡಿ, ಮೀಟರಿನಲ್ಲಿ ನೋಡಿ ಖಚಿತಪಡಿಸಿಕೊಂಡು, ಆಮೇಲೆ ಬೆರಳಿಡಬೇಕು. ವಿದ್ಯುತ್ ಇದ್ದಾಗ ಅಳೆಯುವುದಾದರೆ ಒಂದು ಕೈ ಜೇಬಿನಲ್ಲಿರಲಿ. ಅಭ್ಯಾಸವಿಲ್ಲದವರು ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿ.

ಕೆಪಾಸಿಟರ್ ಸರಿಯಾದ ಮೇಲೆ ಆ ಜೋಡಿ 38 ಮತ್ತು 47 ತೋರಿಸಿತು. ಕಾದು ಬಳಲಿದ ವಾಲ್ವ್ ತನ್ನ ಜೊತೆಗಾರನಿಂದ ದೂರ ಸರಿದಿತ್ತು. ಎರಡೂ ಸಮನಾಗಿ ಎಳೆದರೆ ಮಾತ್ರ ವಿದ್ಯುತ್ತಿನ ಗುಂಯ್ ಶಬ್ದ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ಒಂದನ್ನೊಂದು ಅಳಿಸಿಕೊಳ್ಳುತ್ತದೆ. ಹಾಗಾಗಿ ಹೊಸ ಜೋಡಿ ಬೇಕೇ ಬೇಕಾಯಿತು.

ಚಾಚಾ ತಮ್ಮ ತಗಡಿನ ಪೆಟ್ಟಿಗೆಯಿಂದ ಆರು ಇಎಲ್84 ತೆಗೆದುಕೊಟ್ಟರು. ಎಲ್ಲದರ ಮೇಲೂ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಮುದ್ರೆ, ನಮ್ಮ ಬೆಂಗಳೂರಿನಲ್ಲಿಯೇ ಮಾಡಿದವು. ಅದನ್ನು ಓದಿದಾಗ ನನಗಾದ ಸಂತೋಷವನ್ನು ಮುಚ್ಚಿಡಲಾರೆ. ಒಂದರ ತುದಿಯ ಬೆಳ್ಳಿ ಬಣ್ಣದ ಲೇಪ ಹಾಲಿನ ಹಾಗೆ ಬಿಳಿಚಿಕೊಂಡಿತ್ತು, ಅಂದರೆ ಒಳಗೆ ಗಾಳಿ ಹೊಕ್ಕಿದೆ, ಅದನ್ನು ಬದಿಗಿಟ್ಟೆ. ಉಳಿದ ಐದನ್ನು ಒಂದೊಂದಾಗಿ ಒಂದೇ ಸಾಕೆಟ್ಟಿನಲ್ಲಿಟ್ಟು, ಅರ್ಧ ಗಂಟೆ ಕಾಯಿಸಿ ಅಳೆದೆ: 29, 33, 41, 43, 36. 41 ಮತ್ತು 43 ತೋರಿಸಿದವು ಜೋಡಿಯಾದವು. ಅವುಗಳಿಂದ ಬಂದ ನಾದ ದುಂಡಗೆ, ಮೃದುವಾಗಿ ಇತ್ತು.

ಆದರೂ ವೇದಿಕೆಗೆ ಅವನ್ನು ಒಯ್ಯಲಿಲ್ಲ. ಇಎಲ್84ರ ಪ್ಲೇಟಿನ ಮಿತಿ 300 ವೋಲ್ಟ್, ಶಾಖದ ಮಿತಿ 12 ವಾಟ್. ನಮ್ಮ ಮನೆಯಲ್ಲಿ ಮಧ್ಯಾಹ್ನ ಎಲ್ಲರ ಮನೆಯ ಕೂಲರ್ ತಿರುಗುವಾಗ ಗೋಡೆಯ ಪ್ಲಗ್ಗಿನಲ್ಲಿ 226 ವೋಲ್ಟ್. ಆಗ ಪ್ಲೇಟಿನಲ್ಲಿ 320. ರಾತ್ರಿ ಹನ್ನೊಂದರ ಮೇಲೆ ಗೋಡೆಯಲ್ಲಿ 248, ಪ್ಲೇಟಿನಲ್ಲಿ 345. ಆಗ ಪ್ರತಿ ವಾಲ್ವಿನ ಕ್ಯಾಥೋಡಿನಲ್ಲಿ 48 ಮಿಲಿಆಂಪಿಯರ್. ವಾಲ್ವಿನೊಳಗಿನ ಇನ್ನೊಂದು ಜಾಲರಿಯಾದ ಸ್ಕ್ರೀನಿನ ಪಾಲು ಸುಮಾರು ಐದನ್ನು ಕಳೆದು, ಪ್ಲೇಟಿನ ವೋಲ್ಟೇಜಿನಲ್ಲಿ ಕ್ಯಾಥೋಡಿನ 12 ವೋಲ್ಟ್ ಕಳೆದು ಗುಣಿಸಿದರೆ 14 ವಾಟಿಗೂ ಮೇಲೆ. ನಮ್ಮ ಕಾರ್ಯಕ್ರಮಗಳು ನಡೆಯುವುದೇ ಆ ಹೊತ್ತಿನಲ್ಲಿ.

ಅದಕ್ಕೆ ಎರಡು ಕೆಲಸ ಮಾಡಿದೆ. 130 ಓಮಿನ ಜಾಗದಲ್ಲಿ 150 ಓಮಿನ ಐದು ವಾಟ್ ರೆಸಿಸ್ಟರ್ ಹಾಕಿದೆ. ರಾತ್ರಿಯ ಲೆಕ್ಕ 12ರ ಆಸುಪಾಸಿಗೆ ಇಳಿಯಿತು, ನಾದದಲ್ಲಿ ನನಗೆ ಕೊರತೆ ಕೇಳಲಿಲ್ಲ. ವೇದಿಕೆಗಾಗಿ 6ಪಿ14ಪಿ-ಇವಿ ಎಂಬ ರಷ್ಯಾದ ಜೋಡಿ ತರಿಸಿದೆ. ಪ್ಲೇಟಿನಲ್ಲಿ 400 ವೋಲ್ಟ್ ತಾಳುವ 7189 ಎಂಬ ವಾಲ್ವಿನ ಬದಲಿಗೆ ಬಳಸುವ ಗಟ್ಟಿ ಬಗೆ ಅದು. ಇಎಲ್84ಎಂ ಎಂಬ ಹೆಸರಿನಲ್ಲಿಯೂ ಸಿಗುತ್ತದೆ. ಅದರ ನಾದ ತುಸು ಬಿಗಿ. ತಾಳಿಕೆಯನ್ನು ನೋಡಿ ನಾನು ಅದನ್ನೇ ಆರಿಸಿದೆ.

ಮೊದಲ ಹಂತಗಳ ಮೂರು ಇಸಿಸಿ83ಗಳಲ್ಲಿ ಮೊದಲನೆಯದಕ್ಕೆ ಮಾತ್ರ ಹೆಚ್ಚು ಯೋಚಿಸಿದೆ, ಏಕೆಂದರೆ ಅದರ ಗದ್ದಲವನ್ನು ನಂತರದ ಎಲ್ಲ ಹಂತಗಳೂ ಹಿಗ್ಗಿಸುತ್ತವೆ. ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿದಾಗ ಸ್ಪೀಕರಿನಲ್ಲಿ ಗಂಟೆಯಂತೆ ಮೊಳಗಿದ್ದನ್ನು ಎರಡನೆಯ ಜಾಗಕ್ಕೆ ಕಳಿಸಿ, ಸ್ಲೊವಾಕಿಯಾದ ಜೆಜೆ ಇಸಿಸಿ83ಎಸ್ ಅನ್ನು ಮೊದಲಿಗೆ ಇಟ್ಟೆ. ಅದರ ಪ್ಲೇಟ್ ಗಿಡ್ಡ. ಸ್ಪೀಕರ್ ಇರುವ ಪೆಟ್ಟಿಗೆಯಲ್ಲಿಯೇ ವಾಲ್ವೂ ಅದುರುವಾಗ ಅದೇ ಲೇಸು. ಭಾವಗೀತೆಗಳಿಗೆ ಶುದ್ಧ ಸ್ವರ ಬೇಕಾದ ದಿನ ಅದೇ ಜಾಗಕ್ಕೆ 5751 ಎಂಬ ವಾಲ್ವ್ ಹಾಕುತ್ತೇನೆ: ಇಸಿಸಿ83ರ ವರ್ಧನೆ 100 ಆದರೆ ಇದರದು 70.

ಬಿಇಎಲ್ ಜೋಡಿ ಮನೆಯ ಅಭ್ಯಾಸಕ್ಕೆ, ಸ್ಟೆಬಿಲೈಸರ್ ಜೊತೆಗೆ. ಪ್ರತಿ ವಾಲ್ವಿನ ರಟ್ಟಿನ ಡಬ್ಬಿಯ ಮೇಲೆ ಅಳೆದ ದಿನಾಂಕವನ್ನೂ ಮಿಲಿಆಂಪಿಯರನ್ನೂ ಬರೆದಿದ್ದೇನೆ. ರಷ್ಯಾದ ಜೋಡಿಯನ್ನು ಕಳೆದ ಭಾನುವಾರ ಅಳೆದಾಗ 38 ಮತ್ತು 39 ಇತ್ತು, ಎರಡೂ ಸಾಕೆಟ್ಟುಗಳ ಎರಡನೆಯ ಪಿನ್ನಿನಲ್ಲಿ ಸೊನ್ನೆ.